ಗೇಟು ಕಂಡಂತೆ ಬಿಡಿ

ಗೇಟಿಗೆ ಹೊಸ ಸರಪಳಿ ಬಿದ್ದಿತ್ತು, ಸರಪಳಿಗೆ ಹೊಸ ಬೀಗ. ಮೇಲಿನ ಸರಳಿಗೆ ತಂತಿಯಿಂದ ಬಿಗಿದ ಹಲಗೆಯ ಮೇಲೆ ಕೆಂಪು ಬಣ್ಣದ ದಪ್ಪ ಅಕ್ಷರಗಳು: 'ರಸ್ತೆ ಬಂದ್. ಯಾಕೆಂದು ಸೈಕಲ್ಲಿನವರನ್ನೇ ಕೇಳಿ.'

ಬ್ರಾನ್‌ವಿನ್ ಟಕೆಟ್ ಒಂದು ಕಾಲನ್ನು ಜಲ್ಲಿಯ ಮೇಲೆ ಊರಿ ನಿಂತು ಅದನ್ನು ಎರಡು ಸಲ ಓದಿದಳು. ಅರವತ್ತೊಂದು ವರ್ಷದ ಅವಳಿಗೆ ಕೋಪ ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು. ಹೆಲ್ಮೆಟ್ಟಿನ ಪಟ್ಟಿಯ ಅಕ್ಕಪಕ್ಕ ಎರಡೂ ಕಿವಿ ಆಗಲೇ ಕೆಂಪಾಗಿದ್ದವು.

"ಏನಂತೆ?" ಎಂದ ಹಿಂದಿನಿಂದ ಬಂದ ವಿಕ್ ಸ್ಟ್ಯಾನ್‌ಹೋಪ್.

"ನಮ್ಮನ್ನೇ ಕೇಳ್ಬೇಕಂತೆ."

"ಹಾಗಾದ್ರೆ ಕೇಳೇ ಬಿಡೋಣ. ಲೊರೇನ್, ರಸ್ತೆ ಯಾಕೆ ಬಂದ್ ಆಗಿದೆ?"

"ನನಗೇನು ಗೊತ್ತು? ನಾನು ಬರೀ ಸೈಕಲ್ಲಿನವಳು" ಎಂದಳು ಮೂರನೆಯವಳಾದ ಲೊರೇನ್, ನೀರಿನ ಬಾಟಲಿ ತೆಗೆಯುತ್ತ.

ಬ್ರಾನ್ ನಗಲಿಲ್ಲ. ಈ ಕೆಟಲ್ ಗ್ಯಾಪ್ ರಸ್ತೆಯ ಬಗ್ಗೆ ಅವಳಿಗೆ ತಮಾಷೆ ಹಿಡಿಸುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಅವಳು ಸ್ಥಳೀಯ ಕೌನ್ಸಿಲ್‌ನಲ್ಲಿ ರಸ್ತೆ ಸಮ ಮಾಡುವ ಗ್ರೇಡರ್ ಓಡಿಸಿದ್ದಳು. ಪ್ರತಿ ವಸಂತದಲ್ಲೂ ಮಳೆಗಾಲದ ಕೊರಕಲು ತುಂಬಿ, ಲಾರಿ ಚಕ್ರಗಳು ಎಬ್ಬಿಸಿದ ಅಲೆ ಅಲೆ ದಿಣ್ಣೆಗಳನ್ನು ಕೆರೆದು, ಜಲ್ಲಿಯನ್ನು ಮತ್ತೆ ನಡುಬೆನ್ನಿಗೆ ಏರಿಸಿದವಳು ಅವಳೇ. ಮೆಲ್ಬರ್ನಿನಿಂದ ಮೂರು ಗಂಟೆ ದೂರದ ವಾರಿಂಬಾ ಊರಿನಿಂದ ಹೊರಟ ರಸ್ತೆ ಮೊದಲು ದ್ರಾಕ್ಷಿ ತೋಟಗಳ ನಡುವೆ ಸಾಗುತ್ತದೆ. ಎಲ್ವಿಯೊ ಪ್ರಾಂದೆಲ್‌ನ ಕೊನೆಯ ಸಾಲುಗಳು ಮುಗಿಯುವಲ್ಲಿ ಈ ಗೇಟು. ಗೇಟಿನಾಚೆ ಅವನದೇ ಕುರಿಗಳು ಮೇಯುವ ಇಳಿಜಾರು, ಆಮೇಲೆ ನೀಲಗಿರಿ ಮರಗಳ ಕಾಡು, ಕಾಡಿನೊಳಗೆ ನಾಲ್ಕೂವರೆ ಕಿಲೋಮೀಟರು ಏರು. ನೆತ್ತಿಯ ಕಣಿವೆ ದಾಟಿದರೆ ಆಚೆ ಸೀಮೆಯ ತೋಟಗಳು. ಭಾನುವಾರ ಗುಂಪು ಅಲ್ಲಿಂದ ಸಂಜೆಯ ಬಸ್ಸಿಗೆ ಸೈಕಲ್ ಏರಿಸಿಕೊಂಡು ಮರಳುತ್ತಿತ್ತು. ಈ ರಸ್ತೆ ಇಲ್ಲವೆಂದರೆ ಉಳಿಯುವುದು ಹೆದ್ದಾರಿ: ಹದಿನಾಲ್ಕು ಕಿಲೋಮೀಟರು, ಅಂಚಿನಲ್ಲಿ ಒಂದಡಿ ಜಾಗವಿಲ್ಲ, ಮರದ ದಿಮ್ಮಿ ಹೊತ್ತ ಲಾರಿಗಳು ಒಂದರ ಹಿಂದೆ ಒಂದು. ಎರಡು ವರ್ಷದ ಹಿಂದೆ ಅಂಥ ಒಂದು ಲಾರಿಯ ಕನ್ನಡಿ ಲೊರೇನ್‌ಳ ಮೊಣಕೈಗೆ ಬಡಿದಿತ್ತು. ಒಳಗೆ ಈಗ ಎರಡು ಉಕ್ಕಿನ ಪಟ್ಟಿ, ಹನ್ನೊಂದು ಸ್ಕ್ರೂ. ಹೆದ್ದಾರಿಗೆ ಮತ್ತೆ ಸೈಕಲ್ ಇಳಿಸುವುದಿಲ್ಲ ಎಂದು ಅವಳು ಆಸ್ಪತ್ರೆಯ ಮಂಚದಲ್ಲೇ ಹೇಳಿಬಿಟ್ಟಿದ್ದಳು.

ತೋಟದ ಕಡೆಯಿಂದ ಧೂಳೆಬ್ಬಿಸುತ್ತ ಎಲ್ವಿಯೊನ ಪಿಕಪ್ ಬಂತು. ಅವನು ಬಾಗಿಲನ್ನು ತೆರೆದೇ ಬಿಟ್ಟು ಇಳಿದ. ಎಪ್ಪತ್ತರ ಹತ್ತಿರದ ಮನುಷ್ಯ. ಅವನಪ್ಪ ಇದೇ ನೆಲದಲ್ಲಿ ತಂಬಾಕು ಬೆಳೆದಿದ್ದ, ತಂಬಾಕು ಬಿದ್ದುಹೋದ ಮೇಲೆ ದ್ರಾಕ್ಷಿ ನೆಟ್ಟಿದ್ದ.

"ಓದಿದ್ಯಾ?" ಎಂದ.

"ಓದ್ದೆ. ಸಾರ್ವಜನಿಕ ರಸ್ತೆಗೆ ಬೀಗ ಹಾಕೋಕೆ ನೀನು ಯಾರಯ್ಯ?"

"ನಾನ್ಯಾರು ಅಂತ ಆಮೇಲೆ ಹೇಳ್ತೀನಿ. ಮೊದಲು ಅದನ್ನ ನೋಡು." ಬೆರಳು ರಸ್ತೆಯ ಎಡಕ್ಕೆ ತಿರುಗಿತು.

ಮೂವರೂ ನೋಡಿದರು. ಹತ್ತಿರದ ಹನ್ನೊಂದು ಸಾಲುಗಳು ಬೋಳಾಗಿದ್ದವು. ಆಚೆಯ ಸಾಲುಗಳಲ್ಲಿ ಗೇಣುದ್ದದ ಎಳೆ ಚಿಗುರು ಬಿಸಿಲಿಗೆ ಹೊಳೆಯುತ್ತಿತ್ತು. ಇಲ್ಲಿ ಕಪ್ಪು ಬಳ್ಳಿ, ತಂತಿ, ಅಲ್ಲಲ್ಲಿ ಜಗಿದು ಬಿಟ್ಟ ತೊಟ್ಟು.

"ನೆಬ್ಬಿಯೊಲೊ ತಳಿ" ಎಂದ ಎಲ್ವಿಯೊ. "ನಮ್ಮಪ್ಪ ನೆಟ್ಟಿದ್ದು. ಎಲ್ಲಕ್ಕಿಂತ ಮೊದಲು ಚಿಗುರೋದು ಇದೇ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಬಂದು ನೋಡ್ತೀನಿ, ಗೇಟು ಬಾಯಿ ತೆರ್ಕೊಂಡು ನಿಂತಿದೆ, ಅರವತ್ತ್ಮೂರು ಕುರಿ ಒಳಗೆ. ಮದುವೆ ಊಟಕ್ಕೆ ಬಂದಿರೋ ಹಾಗೆ ಸಾಲು ಹಿಡಿದು ಮೇಯ್ತಿವೆ. ಭಾನುವಾರ ಈ ರಸ್ತೇಲಿ ಹೋದವರು ನೀವು ನಾಲ್ಕು ಜನ ಬಿಟ್ರೆ ಇನ್ಯಾರೂ ಇಲ್ಲ."

"ನೀನು ನೋಡಿದ್ಯಾ, ನಾವು ತೆರೆದಿಟ್ಟು ಹೋಗಿದ್ದನ್ನ?"

"ಟೈರಿನ ಗುರುತು ನೋಡ್ದೆ."

"ಟೈರಿನ ಗುರುತು ಅಂದ್ರೆ ಹೋದೆವು ಅಂತ. ತೆರೆದಿಟ್ಟೆವು ಅಂತಲ್ಲ." ಬ್ರಾನ್‌ಳ ದನಿ ಏರಿತು. "ನಾನು ಹುಟ್ಟಿದ್ದು ದನದ ಫಾರ್ಮಿನಲ್ಲಿ ಎಲ್ವಿಯೊ. ಗೇಟು ಮುಚ್ಚಿದ್ರೆ ಮುಚ್ಚಿ ಹೋಗ್ಬೇಕು, ತೆರೆದಿದ್ರೆ ತೆರೆದೇ ಬಿಡ್ಬೇಕು. ಕಂಡಂತೆ ಬಿಡ್ಬೇಕು. ಇದು ನನಗೆ ನಡೆಯೋಕೆ ಬರೋದಕ್ಕಿಂತ ಮೊದಲೇ ಕಲಿಸಿದ ಪಾಠ. ನಮ್ಮ ಗುಂಪಿಗೆ ಸೇರೋ ಪ್ರತಿಯೊಬ್ಬರಿಗೂ ನಾನು ಮೊದಲ ದಿನ ಹೇಳೋದು ಇದನ್ನೇ. ಬ್ರೇಕು ಹಿಡಿಯೋದನ್ನ ಎರಡನೇ ದಿನ ಹೇಳ್ತೀನಿ."

"ಕುರಿಗಳೇ ಚಿಲಕ ತೆಗೆದ್ವೋ?"

"ನಿನ್ನ ಕೆಲಸದವರನ್ನ ಕೇಳು."

"ಭಾನುವಾರ ಕೆಲಸದವರಿಲ್ಲ. ಮುಂದಿನ ಮಂಗಳವಾರ ಕೌನ್ಸಿಲ್ ಸಭೆ. ಈ ಗೇಟಿನಿಂದ ನೆತ್ತಿಯವರೆಗೆ ಸೈಕಲ್ ಬರೋ ಹಾಗಿಲ್ಲ ಅಂತ ಅರ್ಜಿ ಕೊಟ್ಟಾಗಿದೆ. ಅಲ್ಲಿಗೆ ಬಂದು ನಿನ್ನ ಪಾಠ ಹೇಳು" ಎಂದು ಎಲ್ವಿಯೊ ಪಿಕಪ್ ಹತ್ತಿದ. ಹೊರಡುವಾಗ ಕಿಟಕಿಯಿಂದ ತಲೆ ಹಾಕಿ, "ಕೊಬ್ಬು" ಎಂದ. ಒಂದೇ ಪದ.

ಅಲ್ಲಿಂದ ಊರಿಗೆ ಹಿಂದಿರುಗುವ ಒಂಬತ್ತು ಕಿಲೋಮೀಟರಿನಲ್ಲಿ ಬ್ರಾನ್ ಆ ಒಂದು ಪದಕ್ಕೆ ಹದಿನೈದು ಉತ್ತರ ಹೊಂದಿಸಿಕೊಂಡಳು.

ಗುರುವಾರ ಬೆಳಗಿನ ರೇಡಿಯೊದಲ್ಲಿ ಎಲ್ವಿಯೊ ಮಾತಾಡಿದ. ಬಣ್ಣಬಣ್ಣದ ಬಿಗಿ ಅಂಗಿ ತೊಟ್ಟು ಬರುವ ಜನಕ್ಕೆ ರಸ್ತೆ ಅಂದರೆ ಆಟದ ಮೈದಾನ, ರೈತನಿಗೆ ಅದು ಅಂಗಳ ಎಂದ. ಬೇಕರಿಯಲ್ಲಿ ಮಾಂಸದ ಪೈ ಕೊಡುವ ಹೆಂಗಸು ಬ್ರಾನ್‌ಳಿಗೆ ಎಂದಿನಂತೆ "ಸಾಸ್ ಹಾಕ್ಲಾ?" ಎಂದು ಕೇಳಲಿಲ್ಲ. ಯಾರೋ ಅವಳ ಕಾರಿನ ಗಾಜಿನ ವೈಪರ್‌ಗೆ ಮೇಯ್ದ ದ್ರಾಕ್ಷಿ ಕಡ್ಡಿಯೊಂದನ್ನು ಸಿಕ್ಕಿಸಿ ಹೋಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಆ ಕಡ್ಡಿಯನ್ನು ಎಸೆಯಲಿಲ್ಲ. ಸಾಕ್ಷಿ ಎಂದು ಅಡುಗೆಮನೆಯ ಕಿಟಕಿಯಲ್ಲಿಟ್ಟಳು.

ಗ್ರೇಡರ್ ಓಡಿಸಿದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಸಾರ್ವಜನಿಕ ರಸ್ತೆಗೆ ಅಡ್ಡ ಗೇಟು ಹಾಕಬೇಕಾದರೆ ಕೌನ್ಸಿಲ್‌ನಿಂದ ಪರವಾನಗಿ ಬೇಕು, ಗೇಟಿನ ಮೇಲೆ ಅದರ ಸಂಖ್ಯೆಯ ತಗಡು ಇರಬೇಕು. ಹನ್ನೊಂದು ವರ್ಷದ ಹಿಂದೆ ಎಲ್ವಿಯೊ ಈ ಗೇಟು ನಿಲ್ಲಿಸಿದ್ದು ಅವಳ ಕಣ್ಣೆದುರಿಗೇ. ತಗಡು ಅವಳು ಯಾವತ್ತೂ ಕಂಡಿರಲಿಲ್ಲ. ಶುಕ್ರವಾರ ಕೌನ್ಸಿಲ್ ಕಚೇರಿಗೆ ಹೋಗಿ ಗೇಟುಗಳ ಪಟ್ಟಿ ಕೇಳಿದಳು. ಕೆಟಲ್ ಗ್ಯಾಪ್ ರಸ್ತೆಯ ಹೆಸರಿನ ಮುಂದೆ ಏನೂ ಇರಲಿಲ್ಲ.

"ಸಿಕ್ಕಿಬಿದ್ದ!" ಎಂದ ವಿಕ್, ಅದೇ ಸಂಜೆ ಅವಳ ಅಡುಗೆಮನೆಯಲ್ಲಿ. ವಿಕ್ ಮೂವತ್ತು ವರ್ಷ ವಿಮೆ ಕಂಪನಿಯಲ್ಲಿದ್ದವನು. ಪತ್ರ ಬರೆಯುವುದೆಂದರೆ ಅವನಿಗೆ ಹಬ್ಬ. "ಅಕ್ರಮ ಗೇಟು. ಗೇಟೇ ಇರಬಾರ್ದಿತ್ತು ಅಂದ್ಮೇಲೆ ತೆರೆದಿಟ್ಟೋರು ಯಾರು ಅನ್ನೋ ಪ್ರಶ್ನೆನೇ ಬರಲ್ಲ."

"ಬರತ್ತೆ. ಅವನು ರೇಡಿಯೊದಲ್ಲಿ ನಮ್ಮ ಹೆಸರು ಕೆಡಿಸಿದ್ದಾನೆ. ನಾವು ತೆರೆದಿಡಲಿಲ್ಲ ಅಂತ ಸಾಬೀತು ಮಾಡ್ಬೇಕು. ಬರೀ ಬಾಯಲ್ಲಿ ಅಲ್ಲ, ನಿಮಿಷ ಸೆಕೆಂಡು ಸಮೇತ."

ಅದಕ್ಕೆ ದಾರಿ ಇತ್ತು. ನಾಲ್ವರ ಸೈಕಲ್ ಹಿಡಿಗಳ ಮೇಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರಗಳಿದ್ದವು. ಯಾವ ಕ್ಷಣಕ್ಕೆ ಎಲ್ಲಿ, ಎಷ್ಟು ವೇಗ, ಎಲ್ಲಿ ನಿಂತದ್ದು, ಎಲ್ಲವನ್ನೂ ಅವು ಬರೆದಿಡುತ್ತಿದ್ದವು. ಗೇಟಿನ ಬಳಿ ಯಾರು ಎಷ್ಟು ಹೊತ್ತು ನಿಂತಿದ್ದರು ಎಂದು ತೋರಿಸಿಬಿಟ್ಟರೆ ಮುಗಿಯಿತು. ಮೂವರ ದಾಖಲೆ ಕೈಯಲ್ಲೇ ಇತ್ತು. ನಾಲ್ಕನೆಯವನು, ಬೀಗ ಕಂಡ ದಿನ ಜೊತೆಗೆ ಬಂದಿರದ ಮರ್ವ್ ಓಗಲ್. ಜನವರಿಯಲ್ಲಷ್ಟೇ ಗುಂಪಿಗೆ ಸೇರಿದ್ದ ನಿವೃತ್ತ ಮೇಷ್ಟರು, ಮೊಣಕಾಲು ನೋವಿನಿಂದಾಗಿ ಯಾವಾಗಲೂ ಕೊನೆಗೆ ಬರುವವನು. ಫೋನು ಮಾಡಿದ ಹತ್ತು ನಿಮಿಷದಲ್ಲಿ ಅವನದೂ ಬಂತು.

ವಿಕ್ ಪರದೆಯ ಮೇಲೆ ನಕ್ಷೆ ಹಿಗ್ಗಿಸಿದ. "ಇಗೋ ನೀನು. ಒಂಬತ್ತು ನಲವತ್ತೊಂದು. ಗೇಟಿನ ಹತ್ರ ಮೂವತ್ತೆಂಟು ಸೆಕೆಂಡು ನಿಂತಿದ್ದೀಯ. ಚಿಲಕ ತೆಗೆದಿದ್ದು. ನಾನು, ಲೊರೇನ್ ನಿಲ್ಲದೆ ದಾಟಿದ್ದೀವಿ, ನೀನು ಗೇಟು ಹಿಡ್ಕೊಂಡಿದ್ದೆ. ಆಮೇಲೆ ನೀನು ಹೊರಟೆ."

"ಮರ್ವ್?"

"ಒಂಬತ್ತು ನಲವತ್ತೆಂಟು. ನಿಂತಿದ್ದು..." ವಿಕ್ ಇನ್ನೂ ಹಿಗ್ಗಿಸಿದ. ಮೂಗು ಪರದೆಗೆ ತಾಗುವಷ್ಟು ಬಗ್ಗಿದ. "ನಿಂತಿಲ್ಲ. ಗಂಟೆಗೆ ಹದಿನಾಲ್ಕು ಕಿಲೋಮೀಟರು ವೇಗದಲ್ಲಿ ಸೀದಾ ಹೋಗಿದ್ದಾನೆ."

ಮುಚ್ಚಿದ ಗೇಟಿನ ಮೂಲಕ ಯಾರೂ ಗಂಟೆಗೆ ಹದಿನಾಲ್ಕು ಕಿಲೋಮೀಟರು ವೇಗದಲ್ಲಿ ಹೋಗುವುದಿಲ್ಲ.

ಶನಿವಾರ ಬೆಳಿಗ್ಗೆ ಬ್ರಾನ್ ಮರ್ವ್‌ನ ಮನೆಗೆ ಹೋದಾಗ ಅವನು ಹಿತ್ತಲಿನಲ್ಲಿ ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿಗಳನ್ನು ಮುಳ್ಳುಹಂದಿಯ ಹಾಗೆ ಕಟ್ಟುತ್ತಿದ್ದ. ವಸಂತದಲ್ಲಿ ಮರಿ ಮಾಡಿದ ಮ್ಯಾಗ್‌ಪೈ ಹಕ್ಕಿಗಳು ಸವಾರರ ತಲೆಗೆ ಎರಗುತ್ತಿದ್ದವು.

"ಟೀ?" ಎಂದ.

"ಟೀ ಇರಲಿ. ಭಾನುವಾರ ನೀನು ಬಂದಾಗ ಗೇಟು ಹೇಗಿತ್ತು?"

"ತೆರೆದಿತ್ತು."

"ಮತ್ತೆ ಮುಚ್ಚಲಿಲ್ಲ?"

"ಇಲ್ಲ." ಮರ್ವ್ ಅವಳನ್ನು ವಿಚಿತ್ರವಾಗಿ ನೋಡಿದ. "ತೆರೆದಿತ್ತು, ತೆರೆದೇ ಬಿಟ್ಟೆ. ಕಂಡಂತೆ ಬಿಡ್ಬೇಕು ಅಂತ ನೀನೇ ಅಲ್ವಾ ಹೇಳಿದ್ದು?"

"ಅಯ್ಯೋ ಮಾರಾಯ! ಕುರಿ ಇತ್ತು, ಚಿಗುರು ಇತ್ತು. ಮೇಷ್ಟರಾಗಿ ಮೂವತ್ತೈದು ವರ್ಷ ಮಕ್ಕಳಿಗೆ ಏನು ಕಲಿಸಿದೆ ನೀನು?"

"ಪ್ರಶ್ನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಬರೀರಿ ಅಂತ" ಎಂದ ಮರ್ವ್. ನಂತರ ಹೆಲ್ಮೆಟ್ ಕೆಳಗಿಟ್ಟು, ಮೆಲ್ಲಗೆ ಹೇಳಿದ. "ಫೆಬ್ರವರಿಯಲ್ಲಿ ಹಾರ್ಟಿಗನ್ ಫಾರ್ಮಿನ ಗೇಟು ನೆನಪಿದ್ಯಾ ಬ್ರಾನ್? ತೆರೆದಿತ್ತು. ಪಾಪ, ಯಾರೋ ಮರೆತಿದ್ದಾರೆ ಅಂತ ನಾನು ಮುಚ್ಚಿ ಬಂದೆ. ನಲವತ್ತೊಂದು ಡಿಗ್ರಿ ಬಿಸಿಲು. ದನಗಳಿಗೆ ಕೆರೆ ದಾರಿ ಕಟ್ಟಾಗತ್ತೆ, ಬುದ್ಧಿ ಇಲ್ವಾ ಅಂತ ನೀನು ಎಲ್ಲರೆದುರಿಗೆ ಬೈದೆ. ನಾಲ್ಕು ಕಿಲೋಮೀಟರು ವಾಪಸ್ ಕಳಿಸಿದೆ, ತೆರೆದು ಬಾ ಅಂತ. ಯೋಚನೆ ಮಾಡಬೇಡ ಮರ್ವ್, ಕಂಡಂತೆ ಬಿಡು ಮರ್ವ್. ನಿನ್ನ ಮಾತೇ ಇದು. ನಾನು ಯೋಚನೆ ಮಾಡಲಿಲ್ಲ."

ಅಷ್ಟನ್ನೂ ಅವಳು ಹೇಳಿದ್ದಳು. ಅಕ್ಷರ ಅಕ್ಷರವೂ ನಿಜ.

ಬ್ರಾನ್ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಅದಕ್ಕೆ ಹೋಗಲು ಜಾಗ ಸಿಗುತ್ತಿರಲಿಲ್ಲ. ಅವಳ ಪಾಲಿಗೆ ಗೇಟು ಮುಚ್ಚಿತ್ತು. ಏಳು ನಿಮಿಷದ ನಂತರ ಬಂದ ಮರ್ವ್‌ನ ಪಾಲಿಗೆ ತೆರೆದಿತ್ತು. ಇಬ್ಬರ ನಡುವೆ ಗೇಟನ್ನು ಬದಲಿಸಿದವಳು ಅವಳು. ಅಪ್ಪನ ಕಾಲದಲ್ಲಿ ಈ ತೊಡಕೇ ಇರಲಿಲ್ಲ. ಕಾರಿನಿಂದಿಳಿದು ಗೇಟು ತೆರೆದವರು ಕಾರು ದಾಟುವ ತನಕ ನಿಂತು ಮುಚ್ಚಿಯೇ ಹತ್ತುತ್ತಿದ್ದರು. ಕಾರೆಂದರೆ ಒಂದೇ. ಸೈಕಲ್ ಗುಂಪು ಒಂದೂವರೆ ಕಿಲೋಮೀಟರು ಉದ್ದ.

ಹಾಗಾದರೆ ಅವಳು ಯಾಕೆ ನಿಲ್ಲಲಿಲ್ಲ? ಅದೂ ನೆನಪಿತ್ತು. ಗೇಟಿನ ಕಂಬದಿಂದ ನೆತ್ತಿಯವರೆಗಿನ ಏರನ್ನು ಹೆಂಗಸರಲ್ಲಿ ಅತಿ ಕಡಿಮೆ ಹೊತ್ತಿನಲ್ಲಿ ಹತ್ತಿದ ದಾಖಲೆ ಮೂರು ವರ್ಷ ಬ್ರಾನ್‌ಳ ಹೆಸರಿನಲ್ಲಿತ್ತು. ಸೆಪ್ಟೆಂಬರಿನಲ್ಲಿ ಮೆಲ್ಬರ್ನಿನ ಮೂವತ್ತನಾಲ್ಕು ವರ್ಷದವಳೊಬ್ಬಳು ಬಂದು ಅದನ್ನು ಒಂಬತ್ತು ಸೆಕೆಂಡಿನಿಂದ ಮುರಿದಿದ್ದಳು. ಆ ಭಾನುವಾರ ಬೆನ್ನ ಹಿಂದೆ ಗಾಳಿ ಇತ್ತು. "ಮರ್ವ್ ಬರ್ತಾನೆ, ಅವನೇ ಮುಚ್ಕೋತಾನೆ" ಎಂದು ಹೇಳಿದ್ದು ಲೊರೇನ್ ಇರಬಹುದು ಎಂದು ಅವಳು ಶುಕ್ರವಾರ ರಾತ್ರಿಯಿಡೀ ನಂಬಲು ನೋಡಿದ್ದಳು. ಹೇಳಿದವಳು ತಾನೇ. ಗಡಿಯಾರ ನೋಡುತ್ತ ಹೇಳಿದ್ದಳು. ಅಷ್ಟು ಮಾಡಿಯೂ ಒಂಬತ್ತು ಸೆಕೆಂಡು ಸಿಕ್ಕಿರಲಿಲ್ಲ.

"ನಾನು ಸಭೆಗೆ ಬಂದು ಹೇಳ್ತೀನಿ, ನಾನೇ ಬಿಟ್ಟಿದ್ದು ಅಂತ" ಎಂದ ಮರ್ವ್.

"ಬಾಯಿ ಮುಚ್ಕೊಂಡು ಟೀ ಮಾಡು" ಎಂದಳು ಬ್ರಾನ್.

ಸೋಮವಾರ ವಿಕ್ ಹೇಳಿಕೆ ಬರೆದು ತಂದ. ಒಂದೂವರೆ ಪುಟ. ಗೇಟಿಗೆ ಪರವಾನಗಿ ಇಲ್ಲ ಎಂಬುದು ಮೊದಲ ಪ್ಯಾರಾದಲ್ಲೇ ಇತ್ತು. ಎರಡನೆಯ ಪ್ಯಾರಾ ಹೀಗೆ ಶುರುವಾಗುತ್ತಿತ್ತು: 'ಸದರಿ ದಿನದಂದು ನಮ್ಮ ಸವಾರರೆಲ್ಲರೂ ಗೇಟನ್ನು ಕಂಡಂತೆ ಬಿಡಬೇಕೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ.'

"ಇದು ಸುಳ್ಳು" ಎಂದಳು ಬ್ರಾನ್.

"ಯಾವ ಪದ ಸುಳ್ಳು? ತೋರಿಸು."

ಅವಳು ಮತ್ತೆ ಓದಿದಳು. ಮರ್ವ್ ಪಾಲಿಸಿದ್ದ. ವಿಕ್, ಲೊರೇನ್ ತೆರೆದದ್ದನ್ನು ಕಂಡಿದ್ದರು, ತೆರೆದೇ ಬಿಟ್ಟಿದ್ದರು. ಅವಳನ್ನು ಬಿಟ್ಟರೆ ಮೂವರೂ ಪಾಲಿಸಿದ್ದರು. ಅವಳದನ್ನೂ ಎಳೆದಾಡಿ ಪಾಲಿಸಿದ್ದೇ ಎನ್ನಬಹುದಿತ್ತು.

"ಯಾವ ಪದವೂ ಸುಳ್ಳಲ್ಲ. ಎಲ್ಲಾ ಪದ ಸೇರಿದ್ರೆ ಸುಳ್ಳು."

"ನೋಡು ಬ್ರಾನ್, ನಮ್ಮ ರೈಡಿನ ದಾಖಲೆ ನಮ್ಮನ್ನ ಬಿಟ್ಟು ಯಾರೂ ನೋಡಲ್ಲ. ನಾಳೆ ಇದನ್ನ ಓದು, ಕೂತ್ಕೋ. ಇಲ್ಲ ಅಂದ್ರೆ ರಸ್ತೆ ಹೋಯ್ತು. ಲೊರೇನ್ ಸೈಕಲ್ ಮಾರ್ತಾಳೆ. ಬುಧವಾರ, ಭಾನುವಾರ ನಾವು ನಾಲ್ಕು ಜನ ಬೇಕರಿ ಮುಂದೆ ಕೂತ್ಕೊಂಡು ಹೋಗೋ ಬರೋ ಲಾರಿ ಎಣಿಸ್ಬೇಕು."

ಅವನು ಹೇಳಿದ್ದರಲ್ಲಿಯೂ ಯಾವ ಪದವೂ ಸುಳ್ಳಿರಲಿಲ್ಲ.

ಮಂಗಳವಾರ ಸಂಜೆ ಐದಕ್ಕೆ ಸಭೆ. ಏಳು ಸದಸ್ಯರು, ಅಧ್ಯಕ್ಷೆಯ ಮುಂದೆ ಮೇಜಿನ ಮೇಲೆ ಬಾರಿಸಲು ಒಂದು ಪುಟ್ಟ ಗಂಟೆ. ಮಾತಾಡುವ ಪ್ರತಿಯೊಬ್ಬರಿಗೂ ಮೂರು ನಿಮಿಷ. ಕುರ್ಚಿಗಳೆಲ್ಲ ತುಂಬಿ ಜನ ಗೋಡೆಗೆ ಆತು ನಿಂತಿದ್ದರು. ಎಲ್ವಿಯೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಬಕೆಟ್ಟಿನಲ್ಲಿ ಮೇಯ್ದ ಬಳ್ಳಿಗಳನ್ನು ಹೊತ್ತು ಬಂದಿದ್ದ. ಮಾತಾಡುವುದಕ್ಕಿಂತ ಹೆಚ್ಚಾಗಿ ಬಕೆಟ್ಟನ್ನು ಎತ್ತಿ ತೋರಿಸಿದ.

"ಎರಡನೇ ಸಲ ಮೊಳಕೆ ಬರತ್ತೆ, ಬರಲ್ಲ ಅನ್ನಲ್ಲ. ಆದ್ರೆ ನೆಬ್ಬಿಯೊಲೊದ ಎರಡನೇ ಮೊಳಕೆ ಬರೀ ಎಲೆ. ಗೊಂಚಲು ಬಿಡೋದು ಅಪರೂಪ. ಈ ವರ್ಷ ಆ ಹನ್ನೊಂದು ಸಾಲಿಂದ ನನಗೆ ಸಿಗೋದು ನೆರಳು. ಇದನ್ನ ಮಾಡಿದವರು ನನ್ನ ಮುಖ ನೋಡಿ, ನಿನ್ನ ಕೆಲಸದವರನ್ನ ಕೇಳು ಅಂದ್ರು. ಭಾನುವಾರ ನನ್ನ ಕೆಲಸದವನು ಅಂದ್ರೆ ನಾನು."

ಗಂಟೆ ಬಾರಿಸಿತು. ಅಧ್ಯಕ್ಷೆ ಬ್ರಾನ್‌ಳ ಹೆಸರು ಕರೆದಳು.

ಬ್ರಾನ್ ವಿಕ್ ಬರೆದ ಹಾಳೆಯನ್ನು ಕೈಯಲ್ಲಿ ಹಿಡಿದೇ ಎದ್ದಳು. ಮೊದಲ ಪ್ಯಾರಾ ಓದಿದಳು. ಗೇಟು ನಿಲ್ಲಿಸಿ ಹನ್ನೊಂದು ವರ್ಷ, ಪರವಾನಗಿ ಇಲ್ಲ, ತಗಡಿಲ್ಲ, ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ಎಲ್ವಿಯೊನ ಮುಖ ಬಿಳುಚಿತು. ವಿಕ್ ಕಾಲ ಮೇಲೆ ಕಾಲು ಹಾಕಿಕೊಂಡ.

ಅವಳು ಹಾಳೆ ಮಡಚಿದಳು.

"ಎರಡನೇ ಪ್ಯಾರಾ ಓದಲ್ಲ. ಗೇಟು ತೆರೆದವಳು ನಾನು, ಮುಚ್ಚದೆ ಹೋದವಳು ನಾನು. ಹಿಂದೆ ಒಬ್ಬ ಬರ್ತಿದ್ದ, ಅವನು ಮುಚ್ತಾನೆ ಅಂದ್ಕೊಂಡೆ. ಅವನು ತೆರೆದಿದ್ದನ್ನ ನೋಡಿ, ನಾನೇ ಕಲಿಸಿದ ಹಾಗೆ, ಕಂಡಂತೆ ಬಿಟ್ಟ. ಅವನದ್ದು ತಪ್ಪಿಲ್ಲ. ಈ ಸೀಮೇಲಿ ಎಲ್ಲರೂ ಬಾಯಿಪಾಠ ಹೇಳೋ ಆ ಮಾತು ಒಬ್ಬ ಹೋಗೋವಾಗ ಸರಿ. ಸಾಲಾಗಿ ನಾಲ್ಕು ಜನ ಹೋಗೋವಾಗ ಆ ಮಾತೇ ಕುರಿಗಳಿಗೆ ಬಾಗಿಲು ತೆಗೆಯತ್ತೆ. ಅದು ನನಗೆ ಹೊಳೀಬೇಕಿತ್ತು. ಹೊಳೀಲಿಲ್ಲ, ಯಾಕಂದ್ರೆ ನಾನು ಗಡಿಯಾರ ನೋಡ್ತಿದ್ದೆ."

"ಕೇಳಿದ್ರಾ?" ಎಲ್ವಿಯೊ ಎದ್ದು ನಿಂತ. "ಕೇಳಿದ್ರಾ ಎಲ್ಲಾರೂ?"

"ಕೂತ್ಕೋ ಎಲ್ವಿಯೊ, ನನ್ನ ನಿಮಿಷ ಇನ್ನೂ ಇದೆ!" ಕಿವಿ ಕೆಂಪಾಗಿತ್ತು. "ನಾನು ತಪ್ಪು ಮಾಡ್ದೆ ಅಂದ ತಕ್ಷಣ ನಿನ್ನ ಗೇಟು ಸಕ್ರಮ ಆಗಲ್ಲ. ನಿನ್ನ ಬೀಗವೂ ಆಗಲ್ಲ. ರಸ್ತೆ ನಿನ್ನಪ್ಪನದಲ್ಲ. ಚಿಗುರು ಬಿಡೋ ಕಾಲಕ್ಕೆ ಅರವತ್ತ್ಮೂರು ಕುರಿಗೂ ದ್ರಾಕ್ಷಿಗೂ ಮಧ್ಯೆ ಒಂದೇ ಒಂದು ಚಿಲಕ ನಂಬ್ಕೊಂಡವನು ನೀನು. ಅಧ್ಯಕ್ಷರೇ, ಎರಡೂ ನಿಜ. ಒಂದನ್ನ ಬರ್ಕೊಂಡು ಇನ್ನೊಂದನ್ನ ಬಿಡ್ಬೇಡಿ. ಲೊರೇನ್ ಮೊಣಕೈಯಲ್ಲಿ ಹನ್ನೊಂದು ಸ್ಕ್ರೂ ಇದೆ, ಅದನ್ನೂ ಬರ್ಕೊಳ್ಳಿ. ಆ ಹುಡುಗಿ ಗೇಟು ಮುಟ್ಟೇ ಇಲ್ಲ. ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ, ರಸ್ತೆಗಲ್ಲ."

ಐವತ್ತೊಂಬತ್ತು ವರ್ಷದ ಲೊರೇನ್, 'ಹುಡುಗಿ' ಎಂಬುದನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಗಂಟೆ ಬಾರಿಸಿತು.

ಹೊರಗೆ ವಿಕ್ ಮಾತಾಡಿಸದೆ ಕಾರು ಹತ್ತಿದ. ಎಲ್ವಿಯೊ ಮಾತ್ರ ಬಕೆಟ್ ಹಿಡಿದು ಎದುರಿಗೆ ಬಂದು ನಿಂತ.

"ಒಪ್ಕೊಂಡ್ಬಿಟ್ರೆ ಚಿಗುರು ವಾಪಸ್ ಬರತ್ತಾ?"

"ಬರಲ್ಲ."

"ರೇಡಿಯೊದಲ್ಲಿ ನಾನು ಹೇಳಿದ್ದನ್ನ ವಾಪಸ್ ತಗೊಳಲ್ಲ."

"ತಗೋಬೇಡ. ಬಿಗಿ ಅಂಗಿ ಬಗ್ಗೆ ಹೇಳಿದ್ದು ನಿಜವೇ."

ಅವನು ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಕಾಂಡದಲ್ಲೆಲ್ಲ ಈಗ ಬೇಡದ ಮೊಳಕೆ ಎದ್ದಿದೆ. ಕೈಯಲ್ಲೇ ಉಜ್ಜಿ ತೆಗೀಬೇಕು. ಹನ್ನೊಂದು ಸಾಲು. ಗುರುವಾರ ಏಳು ಗಂಟೆಗೆ ಬಾ. ಸೈಕಲ್ ತರಬೇಡ, ಕೈಗವಸು ತಾ."

ಅವಳು ಹೋದಳು. ಮರ್ವ್ ಕೂಡ ಕರೆಯದೆಯೇ ಬಂದ. ಮೊಣಕಾಲಿಗೆ ದಿಂಬು ಕೊಟ್ಟುಕೊಂಡು ಸಾಲಿನಿಂದ ಸಾಲಿಗೆ ತೆವಳಿದ. ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ಎಲ್ವಿಯೊ ಮತ್ತು ಬ್ರಾನ್ ಬಳ್ಳಿಯ ಆ ಬದಿ ಈ ಬದಿ ನಿಂತು ಜಗಳಾಡಿದರು. ಮಧ್ಯಾಹ್ನ ಅವನು ಉಪ್ಪು ಮಾಂಸದ ಸಲಾಮಿ, ಬ್ರೆಡ್ಡು ಕೊಡುತ್ತಿದ್ದ. ಅದನ್ನು ತಿನ್ನುವಾಗಲೂ ಜಗಳ ನಿಲ್ಲುತ್ತಿರಲಿಲ್ಲ.

ಕೌನ್ಸಿಲ್‌ನ ತೀರ್ಮಾನ ನವೆಂಬರಿನಲ್ಲಿ ಬಂತು. ನಾಲ್ಕು ಮತ ಪರ, ಮೂರು ವಿರುದ್ಧ: ರಸ್ತೆ ಸೈಕಲ್ಲಿಗೂ ತೆರೆದಿರತಕ್ಕದ್ದು. ಬೀಗ ತೆಗೆಯತಕ್ಕದ್ದು. ಗೇಟಿಗೆ ಅರವತ್ತು ದಿನದೊಳಗೆ ಪರವಾನಗಿ ಪಡೆಯತಕ್ಕದ್ದು. ಇಂಥ ಘಟನೆ ಮರುಕಳಿಸದಂತೆ ಕೌನ್ಸಿಲ್ ವತಿಯಿಂದ ಸೂಕ್ತ ಫಲಕ ಹಾಕತಕ್ಕದ್ದು.

ಫಲಕ ಹಾಕಿದ ಮರುದಿನ ಭಾನುವಾರ. ಬ್ರಾನ್ ಎಂದಿನಂತೆ ಮೊದಲು ಗೇಟು ಮುಟ್ಟಿದಳು. ಎಲ್ವಿಯೊ ಆಗಲೇ ಅಲ್ಲಿದ್ದ. ಗೇಟು ಹಾರುಹೊಡೆದಿತ್ತು, ಅವನು ಅದರ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕಂಬದ ಮೇಲೆ ಹಸಿರು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಕೆಳಗೆ ಕೌನ್ಸಿಲ್‌ನ ಮುದ್ರೆ:

'ದಯವಿಟ್ಟು ಗೇಟನ್ನು ಕಂಡಂತೆಯೇ ಬಿಡಿ.'

ಬ್ರಾನ್ ಓದಿದಳು. ಮತ್ತೆ ಓದಿದಳು. ಕಿವಿಯಿಂದ ಕುತ್ತಿಗೆಯವರೆಗೂ ಕೆಂಪಾಯಿತು.

"ಮೂರು ನಿಮಿಷ" ಎಂದಳು. "ಮೂರು ನಿಮಿಷ ನಿಂತ್ಕೊಂಡು, ಊರೆದುರು ನನ್ನ ಮಾನ ನಾನೇ ಕಳ್ಕೊಂಡು ಹೇಳಿದ್ದು ಇದನ್ನೇ ಅಲ್ವಾ? ಈ ಮಾತಿಂದಲೇ ಆಗಿದ್ದು ಅಂತ?"

"ಏಳು ಜನ ಕೂತಿದ್ರು. ಏಳು ಜನ!" ಎಂದ ಎಲ್ವಿಯೊ. "ಹದಿನಾಲ್ಕು ಕಿವಿ. ನನ್ನ ಕುರಿಗಳಿಗೆ ಹೇಳಿದ್ರೂ ಒಂದಕ್ಕಾದ್ರೂ ಅರ್ಥ ಆಗ್ತಿತ್ತು."

"ನಾಳೆ ನಾನು ಕಚೇರಿಗೆ ಹೋಗ್ತೀನಿ."

"ಹೋಗು. ಇನ್ನೊಂದು ಫಲಕ ಹಾಕ್ತಾರೆ, ಈ ಫಲಕವನ್ನ ಕಂಡಂತೆ ಬಿಡಿ ಅಂತ." ಅವನು ಪಿಕಪ್ಪಿನ ಹಿಂಬದಿಯಿಂದ ತನ್ನ ಹಳೆಯ ಹಲಗೆ, ಕೆಂಪು ಬಣ್ಣದ ಡಬ್ಬಿ, ಕುಂಚ ತೆಗೆದ. ಹಲಗೆಯನ್ನು ಮಗುಚಿ, ಖಾಲಿ ಬೆನ್ನನ್ನು ಮೇಲೆ ಮಾಡಿ ಜಲ್ಲಿಯ ಮೇಲಿಟ್ಟ. "ಬರಿ. ನೀನೇ ಬರಿ. ತಪ್ಪು ನಿಂದು."

"ಗೇಟು ನಿಂದು."

"ಬಣ್ಣ ನನ್ನದು. ಬರಿ ಮಾರಾಯ್ತಿ, ಒಣಗತ್ತೆ."

ಅವಳು ಮೊಣಕಾಲೂರಿ ಬರೆದಳು: 'ತೆರೆದವರೇ ಮುಚ್ಚಿ.' ಅವನು ಅದನ್ನು ಕೌನ್ಸಿಲ್ ಫಲಕದ ಕೆಳಗೆ, ಫಲಕಕ್ಕೆ ಒಂದಿಷ್ಟೂ ಅಡ್ಡ ಬಾರದ ಹಾಗೆ, ತಂತಿಯಿಂದ ಬಿಗಿದ. ಹಲಗೆಯ ಹಿಂಬದಿಯಲ್ಲಿ 'ಸೈಕಲ್ಲಿನವರನ್ನೇ ಕೇಳಿ' ಎಂಬುದು ಹಾಗೆಯೇ ಉಳಿಯಿತು. ಅದನ್ನು ಅಳಿಸುವ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ವಿಕ್ ಮತ್ತು ಲೊರೇನ್ ಬಂದರು. ವಿಕ್ ಎರಡು ಬರಹಗಳನ್ನೂ ಓದಿ, "ಕಾನೂನಿನ ಪ್ರಕಾರ ಇವೆರಡೂ ಒಂದಕ್ಕೊಂದು ವಿರುದ್ಧ" ಎಂದ. ಮೂರು ವಾರದ ನಂತರ ಅವಳೊಡನೆ ಅವನಾಡಿದ ಮೊದಲ ಮಾತು ಅದು. ಏಳೆಂಟು ನಿಮಿಷ ಕಳೆದು, ತಲೆಯ ಮೇಲೆ ಮುಳ್ಳುಗಳನ್ನು ಹೊತ್ತ ಮರ್ವ್ ತಿರುವಿನಲ್ಲಿ ಕಾಣಿಸಿಕೊಂಡ. ತೆರೆದ ಗೇಟಿನ ಹತ್ತಿರ ಬಂದವನು ಬ್ರೇಕು ಹಿಡಿದು ನಿಂತ. ಹಸಿರು ಫಲಕ ಓದಿದ. ಕೆಂಪು ಹಲಗೆ ಓದಿದ. ಆಮೇಲೆ ಎದುರಿಗಿದ್ದ ನಾಲ್ಕೂ ಮುಖಗಳನ್ನು ನೋಡಿದ.

"ತೆರೆದವರು ಯಾರು?" ಎಂದ.

"ನಾನು" ಎಂದ ಎಲ್ವಿಯೊ.

"ಹಾಗಾದ್ರೆ ನಾನು ಮುಟ್ಟಲ್ಲ" ಎಂದು ಮರ್ವ್ ದಾಟಿ ಹೋದ.

ಎಲ್ವಿಯೊ ಗೇಟು ಎಳೆದು ಚಿಲಕ ಹಾಕಿದ. ಬ್ರಾನ್ ಅದನ್ನು ಒಮ್ಮೆ ಅಲ್ಲಾಡಿಸಿ ನೋಡಿ ಸೈಕಲ್ ಹತ್ತಿದಳು. ಹಿಡಿಯ ಮೇಲಿನ ಯಂತ್ರ ಏರಿನ ಲೆಕ್ಕ ಶುರುವಾಯಿತೆಂದು ಕೂಗಿತು. ಮುಂದೆ ಮರ್ವ್ ಉಬ್ಬಸ ಪಡುತ್ತ, ಜಲ್ಲಿಯಲ್ಲಿ ಅತ್ತಿತ್ತ ಓಲಾಡುತ್ತ ಹತ್ತುತ್ತಿದ್ದ. ಅವಳು ಅವನ ಹಿಂದೆಯೇ ಉಳಿದಳು. ನೆತ್ತಿ ಮುಟ್ಟುವಾಗ ಅವಳ ಹಳೆಯ ದಾಖಲೆಗಿಂತ ಹದಿನೇಳು ನಿಮಿಷ ಹೆಚ್ಚು ಹಿಡಿದಿತ್ತು. ಮೆಲ್ಬರ್ನಿನವಳ ಒಂಬತ್ತು ಸೆಕೆಂಡು ಹಾಗೆಯೇ ಉಳಿದಿತ್ತು. ಅದರ ಬಗ್ಗೆಯೂ ಬ್ರಾನ್‌ಳಿಗೆ ಸಿಟ್ಟಿತ್ತು.